ಕೊನೆಯ ಹತ್ತು ಮಿಲಿಮೀಟರ್

ಜುಲೈ ತಿಂಗಳ ಒಂದು ಭಾನುವಾರ. ಬೆಳಗಾವಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಅಂಥದ್ದೇ ಮಳೆ. ಉದ್ಯಮಬಾಗಿನ ಕಾಕಾನ ಶೆಡ್ಡಿನ ಮುಂದೆ ಟಾಟಾ ಏಸ್ ನಿಲ್ಲಿಸಿ ಎರಡು ಸಾಮಾನು ಇಳಿಸಿದೆವು. ಒಂದು, ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್. ಇನ್ನೊಂದು, ಜಿಪ್ಸಿಯ ಐದು ಗೇರಿನ ಗೇರ್‌ಬಾಕ್ಸ್. ಎರಡೂ ಬೇರೆಬೇರೆ ಗುಜರಿ ಅಂಗಡಿಯಿಂದ ಬಂದವು. ಎಂಜಿನ್ನನ್ನು ಹಳೇ ಲಾರಿ ಟೈರಿನ ಮೇಲೆ ಕೂರಿಸಿದೆವು, ಗೇರ್‌ಬಾಕ್ಸನ್ನು ಗೋಣಿಚೀಲದ ಮೇಲೆ ಇಟ್ಟೆವು.

ಕಾಕಾ ಚಹಾದ ಲೋಟ ಕೆಳಗಿಟ್ಟು ಎರಡನ್ನೂ ಸುತ್ತು ಹಾಕಿ ನೋಡಿದರು.

"ಇವೆರಡೂ ಕೂಡ್ತಾವು ಅಂತ ಯಾರ್ ಹೇಳ್ಯಾರ ನಿನಗ?"

"ಎರಡೂ ಒಂದ ಕಂಪನಿವು ಕಾಕಾ. ಬೋಲ್ಟಿನ ತೂತು ಹೊಂದತಾವು, ನೋಡೇ ತಂದೀನಿ."

"ಬೋಲ್ಟ್ ಹೊಂದಿದ್ರ ಮುಚ್ಚಳಾ ಆತು ತಮ್ಮಾ, ಗೇರ್‌ಬಾಕ್ಸ್ ಆಗಲಿಲ್ಲ. ಅಳತಿ ತಗಿ ಮೊದಲ."

ಕಾಕಾ ಅಂದರೆ ಸಂಬಂಧದ ಕಾಕಾ ಅಲ್ಲ, ನಮ್ಮ ತಂದೆಯ ಗೆಳೆಯರು. ನಲವತ್ತು ವರ್ಷ ಲೇತ್ ಮೇಲೆ ನಿಂತ ಮನುಷ್ಯ. ನಾನು ಇದೇ ಉದ್ಯಮಬಾಗಿನಲ್ಲಿ ಎರಕದ ಭಾಗಗಳನ್ನು ಅಳೆದು ಪಾಸು ಫೇಲು ಹೇಳುವ ಕೆಲಸದಲ್ಲಿದ್ದೇನೆ. ದಿನವಿಡೀ ಅಳೆಯುವವನಿಗೆ ಅಳತೆ ತೆಗಿ ಅಂತ ಹೇಳಿಸಿಕೊಳ್ಳುವ ಹೊತ್ತು ಬಂತಲ್ಲ ಅಂತ ಮನಸ್ಸಿಗೆ ಚುಚ್ಚಿತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಸ್ವಂತದ್ದು ಅಂತ ಬಂದಾಗ ನಾನು ಆಸೆಯ ಕಣ್ಣಿನಿಂದ ನೋಡಿದ್ದೆ, ವರ್ನಿಯರ್ ಹಿಡಿದು ನೋಡಿರಲಿಲ್ಲ.

ನಾನು ಮಾಡುತ್ತಿರುವುದು ಎರಡು ಸೀಟಿನ ಒಂದು ಚಿಕ್ಕ ಕಾರು. ಪೈಪಿನ ಚಾಸಿ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಓಟ, ಮೇಲೆ ತೆಳುವಾದ ತಗಡು. ಇಂಥದ್ದಕ್ಕೆ ಕಿಟ್ ಕಾರು ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಇದೊಂದು ದೊಡ್ಡ ಹವ್ಯಾಸ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಸೆವೆನ್ ಅನ್ನುವ ಕಾರು ತಂದಿತು. ಬಿಡಿಭಾಗಗಳ ರೂಪದಲ್ಲಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗ ಅಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು. ಅದಕ್ಕೇ ಎಷ್ಟೋ ಜನ ಶೆಡ್ಡಿನಲ್ಲಿ ಕೂತು ಸ್ಪ್ಯಾನರ್ ಹಿಡಿದರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಮಾಡುವ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಕಂಪನಿಯ ಪಾಲಾಯಿತು. ತೆರಿಗೆ ಲಾಭ ಹೋದರೂ ಹವ್ಯಾಸ ಹೋಗಲಿಲ್ಲ. ಇಂದಿಗೂ ಅಲ್ಲಿ ಹಳೇ ಫೋರ್ಡ್ ಸಿಯೆರಾ ಬಿಚ್ಚಿ ಅದರ ಎಂಜಿನ್ನು, ಟೈಪ್ 9 ಗೇರ್‌ಬಾಕ್ಸು ತೆಗೆದು ಹೊಸ ಕಾರು ಕಟ್ಟುವವರಿದ್ದಾರೆ.

ಅಲ್ಲಿಯವರಿಗೆ ಒಂದು ಅನುಕೂಲ ಇದೆ. ಯಾವ ಎಂಜಿನ್ನಿಗೆ ಯಾವ ಗೇರ್‌ಬಾಕ್ಸ್ ಕೂರುತ್ತದೆ ಅಂತ ಬಹಳ ಜನ ಮೊದಲೇ ಅಳೆದು ಮುಗಿಸಿದ್ದಾರೆ. ಎರಡರ ನಡುವೆ ಬೇಕಾಗುವ ಗಂಟೆಯಾಕಾರದ ಕವಚ, ಬೆಲ್ ಹೌಸಿಂಗ್, ಅಂಗಡಿಯಲ್ಲೇ ಸಿಗುತ್ತದೆ. ಅಷ್ಟಿದ್ದರೂ ಎಡವುತ್ತಾರೆ. ಟೈಪ್ 9 ಗೇರ್‌ಬಾಕ್ಸೇ ತಗೊಳ್ಳಿ. ನಾಲ್ಕು ಸಿಲಿಂಡರಿನ ಕಾರಿನಿಂದ ಬಂದದ್ದರ ಮುಂದಿನ ಶಾಫ್ಟಿಗೂ ಆರು ಸಿಲಿಂಡರಿನ ವಿ6 ಕಾರಿನಿಂದ ಬಂದದ್ದರ ಶಾಫ್ಟಿಗೂ ಉದ್ದ ಬೇರೆ. ಮೊದಲ ಗೇರಿನ ಅನುಪಾತವೂ (ಹಿಂದಿನ ಶಾಫ್ಟು ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) ಬೇರೆ, ಒಂದರಲ್ಲಿ 3.65, ಇನ್ನೊಂದರಲ್ಲಿ 3.36. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮ.

ನಮ್ಮಲ್ಲಿ ಹಾಗೆ ಯಾರೂ ಅಳೆದು ಇಟ್ಟಿಲ್ಲ. ಹಾಗಾಗಿ ನಾನು ಮೊದಲು ಯೋಚಿಸಿದ್ದು ಓಮ್ನಿಯನ್ನು. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಓಟ ಹಿಂದಿನ ಚಕ್ರಕ್ಕೆ. ಅದೇ 796 ಸಿಸಿ ಎಂಜಿನ್ ಮಾರುತಿ 800ರಲ್ಲಿ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಒಂದೇ ಎಂಜಿನ್, ಎರಡು ಸಂಸಾರ. ನನಗೆ ಧೈರ್ಯ ಕೊಟ್ಟದ್ದೇ ಇದು. ಅಡ್ಡ ಕೂತಿದ್ದ ಎಂಜಿನ್ನನ್ನು ಉದ್ದಕ್ಕೆ ಕೂರಿಸಬಹುದು, ಸುತ್ತಲಿನ ಭಾಗಗಳನ್ನು ಬದಲಿಸಿದರೆ ಆಯಿತು ಅಂತ ಕಂಪನಿಯೇ ತೋರಿಸಿಕೊಟ್ಟಿದೆ ಅಲ್ವಾ? ಆದರೆ ಓಮ್ನಿಯ ಎಂಜಿನ್ನಿನ ಶಕ್ತಿ 37 ಬಿ.ಎಚ್.ಪಿ. ಆಸುಪಾಸು. ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್ನುಗಳು ಎರಡೂ ಜಿ13 ವಂಶದವು, ಇಂಧನ ಚಿಮ್ಮಿಸುವ ಎಂಪಿಎಫ್ಐ ವ್ಯವಸ್ಥೆ ಬಂದ ಮೇಲೆ 80ರ ಆಚೀಚೆ ಶಕ್ತಿ. ಎಸ್ಟೀಮಿನಲ್ಲಿ ಅಡ್ಡ, ಜಿಪ್ಸಿಯಲ್ಲಿ ಉದ್ದ. ಜಿಪ್ಸಿಯ ಎಂಜಿನ್ ಗುಜರಿಯಲ್ಲಿ ಸಿಗುವುದೇ ಕಷ್ಟ, ಸಿಕ್ಕರೂ ಜೀಪು ಕಟ್ಟುವವರು ಬೆಲೆ ಏರಿಸಿಟ್ಟಿದ್ದಾರೆ. ಎಸ್ಟೀಮಿನದು ಸುಲಭವಾಗಿ ಸಿಕ್ಕಿತು.

ಜಿಪ್ಸಿ ಗೇರ್‌ಬಾಕ್ಸಿನ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಅದು ಫೋರ್ ವೀಲ್ ಗಾಡಿ ನಿಜ, ಆದರೆ ನಾಲ್ಕು ಚಕ್ರಕ್ಕೆ ಓಟ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯೇ ಕೂತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಅದನ್ನು ಬಿಟ್ಟುಬಿಟ್ಟರೆ ನಮ್ಮ ಕೈಗೆ ಸಿಗುವುದು ಹಿಂದಿನ ಚಕ್ರದ ಕಾರಿಗೆ ಹೇಳಿ ಮಾಡಿಸಿದಂಥ ಗೇರ್‌ಬಾಕ್ಸ್.

ಕಾಕಾ ಯಾಕೆ ಅಷ್ಟು ಒತ್ತಿ ಹೇಳಿದರು ಅನ್ನುವುದಕ್ಕೆ ಹಳೆಯ ಕಥೆಯೊಂದಿದೆ. ಸುಮಾರು ಹದಿನೈದು ವರ್ಷದ ಹಿಂದೆ ಖಾನಾಪುರದ ಕಡೆ ನಮ್ಮ ಮಾವನವರ ಹೊಲದಲ್ಲಿ ಒಂದು ಹಳೇ ಜೀಪಿತ್ತು. ಅದರ ಪೆಟ್ರೋಲ್ ಎಂಜಿನ್ ಕೈಕೊಟ್ಟಿತ್ತು. ಬೇರೆ ಗಾಡಿಯ ಡೀಸೆಲ್ ಎಂಜಿನ್ ತಂದು ಕೂರಿಸೋಣ ಅಂತ ನಾನೇ ಮುಂದಾದೆ. ಬೋಲ್ಟ್ ತೂತು ಹೊಂದುತ್ತಿರಲಿಲ್ಲ. ನಡುವೆ ಹಾಕಲು ಒಂದು ದಪ್ಪ ಪ್ಲೇಟ್ ಮಾಡಿಸಿದೆ. ಮಾಡಿದವರು ಎಂಜಿನ್ನಿನ ಹಿಂಬದಿಗೆ ಕಾಗದ ಒತ್ತಿ ತೂತುಗಳ ಗುರುತು ತೆಗೆದರು, ಪ್ಲೇಟಿನ ಮೇಲೆ ಪಂಚ್ ಹೊಡೆದರು, ಡ್ರಿಲ್ ಹಾಕಿದರು. ಎಲ್ಲ ಬೋಲ್ಟೂ ಸರಾಗವಾಗಿ ಹೋದವು. ನನಗೆ ಆವತ್ತು ಎಷ್ಟು ಸಂತೋಷ ಆಗಿತ್ತು ಅಂದರೆ, ಮನೆಗೆ ಕುಂದಾ ಕಟ್ಟಿಸಿಕೊಂಡು ಹೋಗಿದ್ದೆ.

ಎರಡು ತಿಂಗಳೂ ಆಗಲಿಲ್ಲ. ಮೊದಲು ಕ್ಲಚ್ ಒತ್ತಿದಾಗ ಕಿರ್ ಅನ್ನುವ ಸದ್ದು. ಆಮೇಲೆ ಏರಿನಲ್ಲಿ ಗೇರು ತಾನಾಗಿ ಬಿಟ್ಟುಕೊಳ್ಳತೊಡಗಿತು. ಬಿಚ್ಚಿ ನೋಡಿದರೆ ಪೈಲಟ್ ಬೇರಿಂಗ್ ಪುಡಿಪುಡಿ, ಕ್ಲಚ್ ಪ್ಲೇಟಿನ ನಡುವಿನ ಹಬ್ಬು ಸೀಳಿತ್ತು.

ಆಗ ಕಾಕಾ ಮಾಡಿ ತೋರಿಸಿದ್ದನ್ನು ನಾನು ಮರೆತಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಪಕ್ಕಕ್ಕಿಟ್ಟರು. ಪ್ಲೇಟನ್ನೂ ಬೆಲ್ ಹೌಸಿಂಗನ್ನೂ ಮಾತ್ರ ಎಂಜಿನ್ನಿಗೆ ಮತ್ತೆ ಬಿಗಿದರು. ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ ಫ್ಲೈವೀಲಿನ ಮೇಲೆ, ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮ್ಯಾಗ್ನೆಟ್ ಕೂರಿಸಿ, ಗೇಜಿನ ಮೊನೆಯನ್ನು ಬೆಲ್ ಹೌಸಿಂಗಿನ ನಡುವಿನ ದುಂಡು ತೂತಿನ ಒಳಗೋಡೆಗೆ ತಾಗಿಸಿದರು. ಗೇರ್‌ಬಾಕ್ಸ್ ಬಂದು ಕೂರುವುದು ಅದೇ ತೂತಿನಲ್ಲಿ. ಆಮೇಲೆ ನನ್ನ ಕೈಯಲ್ಲಿ ಸ್ಪ್ಯಾನರ್ ಕೊಟ್ಟು ಮುಂದಿನ ಪುಲ್ಲಿಯನ್ನು ನಿಧಾನ ತಿರುಗಿಸು ಅಂದರು. ಎಂಜಿನ್ ತಿರುಗಿದಂತೆ ಗೇಜು ಆ ತೂತಿನ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಎರಡರ ಕೇಂದ್ರ ಒಂದೇ ಆಗಿದ್ದರೆ ಮುಳ್ಳು ಅಲುಗಬಾರದು. ನಮ್ಮ ಮುಳ್ಳು 84 ಗೀಟು ಓಡಿತು. ಒಂದು ಗೀಟು ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು.

"ಒಟ್ಟು 84, ಅಂದ್ರ ಕೇಂದ್ರ ಸರಿದದ್ದು ಅರ್ಧ, 42. ಒಟ್ಟು 25ರ ಒಳಗ ಇರಬೇಕು," ಅಂದರು ಕಾಕಾ. ಮಿಲಿಮೀಟರಿನ ಕಾಲುಭಾಗ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಒಟ್ಟು ಓಟ ಹತ್ತು ಥೌ, ಸರಿದದ್ದು ಐದು ಥೌ, ಇದಕ್ಕಿಂತ ಜಾಸ್ತಿ ಬೇಡ ಅನ್ನುವುದು ಈ ಕೆಲಸದಲ್ಲಿ ಎಲ್ಲೆಡೆ ಹೇಳುವ ಲೆಕ್ಕ.

ಅರ್ಧ ಮಿಲಿಮೀಟರಿಗೂ ಕಡಿಮೆ, ಅಷ್ಟಕ್ಕೆ ಬೇರಿಂಗ್ ಯಾಕೆ ಪುಡಿಯಾಗಬೇಕು? ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿರುವ ಶಾಫ್ಟಿಗೆ ನಮ್ಮ ಗ್ಯಾರೇಜುಗಳಲ್ಲಿ ಪೈಲಟ್ ಶಾಫ್ಟ್ ಅನ್ನುತ್ತಾರೆ. ಅದರ ಒಂದು ತುದಿ ಗೇರ್‌ಬಾಕ್ಸಿನ ಬೇರಿಂಗಿನಲ್ಲಿ, ಇನ್ನೊಂದು ತುದಿ ಎಂಜಿನ್ನಿನ ತಿರುಗುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕಿನ, ಹಿಂದಿರುವ ಪೈಲಟ್ ಬೇರಿಂಗಿನಲ್ಲಿ. ಎರಡರ ಗೆರೆ ಒಂದೇ ಇರದಿದ್ದರೆ ಪ್ರತಿ ಸುತ್ತಿಗೂ ಆ ಶಾಫ್ಟು ಒಮ್ಮೆ ಬಾಗಬೇಕು. 3000 ಆರ್‌ಪಿಎಂ ಅಂದರೆ ನಿಮಿಷಕ್ಕೆ 3000 ಸಲ. ಉಕ್ಕು ಎಷ್ಟು ದಿನ ತಡೆದೀತು?

ತಪ್ಪು ಆಗಿದ್ದು ಬೋಲ್ಟನ್ನು ನಂಬಿದ್ದರಿಂದ. ಬೋಲ್ಟಿನ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರಲೇಬೇಕು, ಇಲ್ಲದಿದ್ದರೆ ಒಳಗೆ ಹೋಗುವುದಿಲ್ಲ. ಬೋಲ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಸರಿಯಾದ ಜಾಗಕ್ಕೆ ತಂದು ನಿಲ್ಲಿಸುವುದು ಡಾವೆಲ್ ಪಿನ್ನುಗಳು. ಎಂಜಿನ್ನಿನ ಹಿಂಬದಿ ಅಂಚಿನಲ್ಲಿ ಬೆರಳಿನ ಗಾತ್ರದ ಎರಡು ಪಿನ್ನು ಇರುತ್ತವೆ. ನಮ್ಮ ಪ್ಲೇಟಿನಲ್ಲಿ ಅವಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ಕಾಕಾ ಹೊಸ ಪ್ಲೇಟ್ ಮಾಡಿ, ಡಯಲ್ ನೋಡುತ್ತಾ ಸುತ್ತಿಗೆಯಿಂದ ತಟ್ಟಿ ತಟ್ಟಿ ಮುಳ್ಳು 10 ಗೀಟಿನ ಒಳಗೆ ಬಂದ ಮೇಲೆ ಬಿಗಿದು, ಆಮೇಲೆ ಡಾವೆಲ್ ತೂತು ಕೊರೆದು ತೂತು ನುಣುಪಾಗಿ ಅಳತೆಗೆ ಬರುವಂತೆ ರೀಮರ್ ಆಡಿಸಿದರು. ಆ ಜೀಪು ಆಮೇಲೆ ತೊಂದರೆ ಕೊಡಲಿಲ್ಲ.

ಈ ಸಲ ಎಂಜಿನ್ನು, ಗೇರ್‌ಬಾಕ್ಸು ಎರಡೂ ಒಂದೇ ವಂಶದವು. ಡಾವೆಲ್ ಜಾಗ ಹೊಂದುತ್ತಿತ್ತು, ನಡುವೆ ಪ್ಲೇಟ್ ಬೇಕಿರಲಿಲ್ಲ. ಒಂದು ಡಾವೆಲ್ ಮಾತ್ರ ತುಕ್ಕು ತಿಂದು ಸಡಿಲಾಗಿತ್ತು, ಬದಲಿಸಿದೆವು. ಕಷ್ಟ ಬಂದದ್ದು ನಡುವಿನಲ್ಲಿ.

ಅಡ್ಡ ಕೂರುವ ಎಂಜಿನ್ನುಗಳ ಗೇರ್‌ಬಾಕ್ಸಿನಲ್ಲಿ ಮುಂದಿನ ಶಾಫ್ಟು ಗಿಡ್ಡ. ಅದು ತನ್ನದೇ ಬೇರಿಂಗುಗಳ ಮೇಲೆ ನಿಲ್ಲುತ್ತದೆ, ಸಾಮಾನ್ಯವಾಗಿ ಎಂಜಿನ್ ಕಡೆಯಿಂದ ಆಸರೆ ಬೇಡ. ಉದ್ದ ಕೂರುವ ಗೇರ್‌ಬಾಕ್ಸಿನ ಶಾಫ್ಟಿಗೆ ಆಸರೆ ಬೇಕೇ ಬೇಕು. ನಾನು ತಂದ ಎಂಜಿನ್ನಿನ ಫ್ಲೈವೀಲಿನ ನಡುವೆ ಬೆರಳು ಇಟ್ಟು ನೋಡಿದರೆ ಬೇರಿಂಗೂ ಇಲ್ಲ, ಬೇರಿಂಗ್ ಕೂರುವ ಜಾಗವೂ ಇಲ್ಲ. ಬೋಲ್ಟು ಬಿಗಿದು ಹೊರಟಿದ್ದರೆ ಗಾಡಿ ಓಡುತ್ತಿತ್ತು. ಶಾಫ್ಟಿನ ಮೂತಿ ಗಾಳಿಯಲ್ಲಿ ತೂಗುತ್ತಾ, ಜೀಪಿನ ಕಥೆಯೇ ಮತ್ತೊಮ್ಮೆ.

ಹಾಗಾಗಿ ಜಿಪ್ಸಿಯ ಫ್ಲೈವೀಲ್ ಹುಡುಕಲು ಹೊರಟೆ. ಫ್ಲೈವೀಲ್ ಬದಲಾದರೆ ಅದರ ಹಿಂದೆ ಒಂದು ಸಾಲೇ ಬದಲಾಗುತ್ತದೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಪೈಲಟ್ ಶಾಫ್ಟಿಗೆ ಕೂಡಬೇಕು. ಪ್ಲೇಟಿನ ಅಗಲ ಅದನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿಗೆ ಕೂಡಬೇಕು, ಪ್ರೆಶರ್ ಪ್ಲೇಟಿನ ಬೋಲ್ಟು ಫ್ಲೈವೀಲಿಗೆ, ಫ್ಲೈವೀಲಿನ ಸುತ್ತಲಿನ ರಿಂಗ್ ಹಲ್ಲು ಸೆಲ್ಫ್ ಮೋಟರಿನ ಪಿನಿಯನ್ನಿಗೆ. ಸೆಲ್ಫ್ ಎಲ್ಲಿ ಕೂರಬೇಕು ಅಂತ ಹೇಳುವುದು ಮತ್ತೆ ಗೇರ್‌ಬಾಕ್ಸು. ಒಂದು ಕೊಂಡಿ ಬೇರೆ ಮನೆಯದಾದರೂ ಸರಪಳಿ ಕೂಡುವುದಿಲ್ಲ. ಅರ್ಧ ಅದು, ಅರ್ಧ ಇದು ಅಂತ ಉಳಿತಾಯ ಮಾಡಲು ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫ್ಲೈವೀಲ್, ಕ್ಲಚ್ ಸೆಟ್, ಕ್ಲಚ್ ಬೇರಿಂಗ್, ಸೆಲ್ಫ್ ಎಲ್ಲ ಜಿಪ್ಸಿಯವೇ ತಂದೆ. ಮೂರು ವಾರ ಹಿಡಿಯಿತು.

ಆಯಿಲ್ ಚೇಂಬರಿನದೂ ಇದೇ ಕಥೆ. ಎಸ್ಟೀಮಿನ ಚೇಂಬರ್ ಅದರ ಜಾಗಕ್ಕೆ ತಕ್ಕ ಆಕಾರದ್ದು, ನಮ್ಮ ಚಾಸಿಯ ಅಡ್ಡಪಟ್ಟಿಗೆ ಬಡಿಯುತ್ತಿತ್ತು. ಚೇಂಬರ್ ಬದಲಿಸುವವರು ಒಳಗಿನ ಜಾಲರಿ ಪೈಪನ್ನೂ ಜೊತೆಗೇ ಬದಲಿಸಬೇಕು. ಇಲ್ಲದಿದ್ದರೆ ಎಣ್ಣೆ ಒಂದು ಮೂಲೆಯಲ್ಲಿ, ಹೀರುವ ಬಾಯಿ ಇನ್ನೊಂದು ಮೂಲೆಯಲ್ಲಿ.

ಕೇಳುವವರು ಕಡಿಮೆ, ಆದರೆ ನೋಡಲೇಬೇಕಾದ ಇನ್ನೊಂದು ಸಂಗತಿ ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಅನ್ನುವುದು. ಬಹುತೇಕ ಕಾರುಗಳದ್ದು ಒಂದೇ ದಿಕ್ಕು. ಹೊಂಡಾದ ಹಳೆಯ ಕೆಲವು ಎಂಜಿನ್ನುಗಳು ಉಲ್ಟಾ ತಿರುಗುತ್ತವೆ. ಅಂಥದ್ದನ್ನು ಬೇರೆ ಗೇರ್‌ಬಾಕ್ಸಿಗೆ ಕಟ್ಟಿದರೆ ಐದು ಗೇರು ಹಿಂದಕ್ಕೆ, ಒಂದು ಗೇರು ಮುಂದಕ್ಕೆ!

ಇನ್ನು ಅನುಪಾತ. ಭೌತಿಕವಾಗಿ ಕೂಡಿದ ಮೇಲೂ ಕಾರು ಓಡಲು ಲಾಯಕ್ಕಾಗಬೇಕಲ್ಲ. ಟ್ರಾನ್ಸ್‌ಫರ್ ಕೇಸ್ ಕಿತ್ತರೆ ಅದರ ಜೊತೆ ವೇಗದ ಒಂದು ಇಳಿತವೂ ಹೋಗುತ್ತದೆ. ಜಿಪ್ಸಿಯಲ್ಲಿ ಮಾಮೂಲಿ ಓಟದ ಹೈ ರೇಂಜಿನಲ್ಲೂ ಅದು 1.409. ಹಿಂದಿನ ಆಕ್ಸಲ್ಲಿನದು 3.909. ಎರಡೂ ಗುಣಿಸಿದರೆ 5.5. ಟ್ರಾನ್ಸ್‌ಫರ್ ಇಲ್ಲದಿದ್ದರೆ ಬರೀ 3.909. ಗೆಳೆಯರೊಬ್ಬರು, ಹಾಗಾದರೆ ಓಮ್ನಿ ಆಕ್ಸಲ್ ಹಾಕು, ಅದರ ಅನುಪಾತ ಜಾಸ್ತಿ, ಲೆಕ್ಕ ಸರಿಹೋಗುತ್ತದೆ ಅಂದರು. ಅಳೆದೆವು. ಆಕ್ಸಲ್ಲಿನ ಒಂದು ಚಕ್ರ ಅಲುಗದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಪಿನಿಯನ್ ಫ್ಲಾಂಜ್ (ಆಕ್ಸಲ್ಲಿಗೆ ಓಟ ಬರುವ ಕಡೆಯ ದುಂಡು ತಟ್ಟೆ) ಎಷ್ಟು ಸುತ್ತುತ್ತದೋ ಅದೇ ಅನುಪಾತ. ಐದು ಸುತ್ತು ದಾಟಿ ಸ್ವಲ್ಪ ಮುಂದೆ ನಿಂತಿತು.

ಆದರೆ ಕಾಗದದ ಮೇಲೆ ಹಾಕಿ ನೋಡಿದಾಗ ಅದು ಬೇಡ ಅನ್ನಿಸಿತು. ಓಮ್ನಿಯ 12 ಇಂಚಿನ ಚಕ್ರಕ್ಕೆ, ಐದನೇ ಗೇರು 0.795 ಇಟ್ಟುಕೊಂಡರೂ 3000 ಆರ್‌ಪಿಎಂಗೆ ಬರುವುದು ಗಂಟೆಗೆ ಸುಮಾರು 75 ಕಿ.ಮೀ. ಎಂಜಿನ್ ಸುಮ್ನೆ ಕೂಗಾಡುತ್ತದೆ. 37 ಬಿ.ಎಚ್.ಪಿ.ಗೆ ಮಾಡಿದ ಆಕ್ಸಲ್ಲಿಗೆ 80 ಹೊರಿಸಲೂ ನನಗೆ ಮನಸ್ಸಿಲ್ಲ. ಅದೇ ಜಿಪ್ಸಿ ಆಕ್ಸಲ್, 195/65 ಆರ್15 ಟೈರು ಹಾಕಿದರೆ ಸುಮಾರು 115 ಕಿ.ಮೀ. ಮೊದಲ ಗೇರಿನಲ್ಲಿ ಎಳೆತ ಜಿಪ್ಸಿಗಿಂತ ಕಾಲುಭಾಗ ಕಡಿಮೆ. ಆದರೆ ಜಿಪ್ಸಿ ಸುಮಾರು ಒಂದು ಟನ್ ಗಾಡಿ, ನಮ್ಮದು ಆರು ಕ್ವಿಂಟಲ್ ದಾಟಬಾರದು ಅಂತ ಹಟ. ತೂಕದ ಜೊತೆ ತೂಗಿ ನೋಡಿದರೆ ನಮ್ಮದೇ ಚುರುಕು. ಆಕ್ಸಲ್ ಭಾರ ನಿಜ, ಅದನ್ನು ಒಪ್ಪಿಕೊಂಡಿದ್ದೇನೆ.

ಈ ಕಾರು ರಸ್ತೆಗೆ ಬರುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೊಲದೊಳಗೆ ನಾವೇ ಹಾಕಿಕೊಂಡ ಮಣ್ಣಿನ ದಾರಿಯಲ್ಲಿ ಓಡಿಸುತ್ತೇನೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಒಂದೊಂದಾಗಿ ಪರೀಕ್ಷೆ ಮಾಡಿ ರಸ್ತೆಗೆ ಬಿಡುವ ವ್ಯವಸ್ಥೆ 1998ರಿಂದ ಇದೆ. ಅಂಥದ್ದು ನಮ್ಮಲ್ಲೂ ಬರಲಿ ಅಂತ ಆಸೆ. ಫೌಂಡ್ರಿ, ಲೇತ್, ಗೇರ್ ಕಟಿಂಗ್ ಎಲ್ಲ ಕೂಗಳತೆಯಲ್ಲಿರುವ ಊರು ನಮ್ಮದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ವಿಟಿಯು, ಇರುವುದೂ ಇಲ್ಲೇ. ಎಂಜಿನಿಯರಿಂಗ್ ಹುಡುಗರ ಕೈಯಲ್ಲಿ ಏನೇನು ಆಗಬಹುದಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರಿನಲ್ಲಿ ಗಣಪತಿ ಕಳುಹಿಸಿದ ಮೇಲಿನ ಭಾನುವಾರ ಜೋಡಿಸಲು ಕೂತೆವು. ಅದಕ್ಕೂ ಮೊದಲು ಕಾಕಾ ಇನ್ನೊಂದು ಪರೀಕ್ಷೆ ಇಟ್ಟರು. ಪೈಲಟ್ ಶಾಫ್ಟಿನ ಮೂತಿ ಕ್ರ್ಯಾಂಕಿನ ಒಳಗೆ ತಳಕ್ಕೆ ತಾಗಬಾರದು, ಬೇರಿಂಗ್ ಬಿಟ್ಟು ಹಿಂದೆಯೂ ಉಳಿಯಬಾರದು. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಟ್ಟು ಅಲ್ಲಿಂದ ಮೂತಿಯವರೆಗೆ ಒಂದು ಅಳತೆ, ಎಂಜಿನ್ನಿನ ಹಿಂಬದಿಯಿಂದ ತೂತಿನ ತಳದವರೆಗೆ ಇನ್ನೊಂದು ಅಳತೆ. ಲೆಕ್ಕದ ಪ್ರಕಾರ ಐದು ಮಿಲಿಮೀಟರ್ ಜಾಗ ಉಳಿಯುತ್ತಿತ್ತು. "ಲೆಕ್ಕ ಆತು, ಈಗ ಕಣ್ಣಿಂದ ನೋಡೂಣು," ಅಂದರು. ಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತರಿಸಿದ್ದರು. ಅದನ್ನು ಚಿಟಿಕೆಯಷ್ಟು ಹರಿದು, ಉರುಟು ಮಾಡಿ, ಎಣ್ಣೆ ಸವರಿ ತೂತಿನ ತಳಕ್ಕೆ ಅಂಟಿಸಿದೆವು. ಕ್ಲಚ್ ಪ್ಲೇಟ್ ಇಲ್ಲದೆ ಗೇರ್‌ಬಾಕ್ಸ್ ಒಮ್ಮೆ ಕೂರಿಸಿ ತೆಗೆದೆವು. ಹಿಟ್ಟಿನಲ್ಲಿ ಮೂತಿಯ ದುಂಡನೆ ಗುರುತು ಬಿದ್ದಿತ್ತು. ಬ್ಲೇಡಿನಿಂದ ಕೊಯ್ದು ತಳದಲ್ಲಿ ಉಳಿದ ದಪ್ಪ ಅಳೆದೆ. ಐದಕ್ಕೆ ಸ್ವಲ್ಪ ಕಮ್ಮಿ. ಹಿಟ್ಟನ್ನು ಪೂರ್ತಿ ಕೆರೆದು, ಪೆಟ್ರೋಲಿನಲ್ಲಿ ಒರೆಸಿ, ಬೇರಿಂಗಿಗೆ ಗ್ರೀಸ್ ಹಾಕಿದೆವು.

ಕ್ಲಚ್ ಪ್ಲೇಟನ್ನು ಒಂದು ಹಳೇ ಪೈಲಟ್ ಶಾಫ್ಟ್ ತೂರಿಸಿ ನಡುವಿಗೆ ತಂದು ಬಿಗಿದೆವು. ಆಮೇಲೆ ನಾನೊಂದು ಕಡೆ, ಕಾಕಾನ ಮಗ ಒಂದು ಕಡೆ, ಗೇರ್‌ಬಾಕ್ಸ್ ಎತ್ತಿ ಮುಂದಕ್ಕೆ ತಂದೆವು. ಶಾಫ್ಟು ಪ್ಲೇಟಿನ ಹಲ್ಲಿಗೆ ಸಿಕ್ಕಿತು, ಜಾರಿತು, ನಿಂತಿತು. ನಡುವೆ ಹತ್ತು ಮಿಲಿಮೀಟರ್ ಸಂದು. ಎಷ್ಟು ಒತ್ತಿದರೂ ಮುಂದೆ ಹೋಗಲೊಲ್ಲದು. ನನ್ನ ಕೈ ತಾನಾಗಿ ಬೋಲ್ಟಿನ ಕಡೆ ಹೋಯಿತು. ಎರಡು ಬೋಲ್ಟು ಹಾಕಿ ಬಿಗಿಯುತ್ತಾ ಹೋದರೆ ಎಳೆದುಕೊಳ್ಳುತ್ತದೆ ಅಲ್ವಾ?

"ಬೋಲ್ಟ್ ಮುಟ್ಟಬ್ಯಾಡ," ಅಂದರು ಕಾಕಾ. "ಕೈಲೆ ಬರದದ್ದು ಬೋಲ್ಟಿಂದ ಬಂದ್ರ, ಒಳಗ ಏನರ ಮುರಕೊಂಡ ಬರ್ತದ."

ಹಿಂದಕ್ಕೆ ಎಳೆದೆವು. ಪ್ಲೇಟು ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ಪ್ರೆಶರ್ ಪ್ಲೇಟಿನ ಬೋಲ್ಟು ಸಡಿಲಿಸಿ, ಹಳೇ ಶಾಫ್ಟನ್ನು ಮತ್ತೆ ತೂರಿಸಿ, ಅದು ಬೆರಳಲ್ಲಿ ಸರಾಗ ಹೋಗಿ ಬರುವವರೆಗೆ ಕೂರಿಸಿ, ಎದುರುಬದುರು ಬೋಲ್ಟನ್ನು ಒಂದೊಂದು ಸುತ್ತಿನಂತೆ ಬಿಗಿದೆವು. ಮತ್ತೆ ಎತ್ತಿದೆವು. ಈ ಸಲ ಗೇರಿಗೆ ಹಾಕಿಟ್ಟು, ಹಿಂದಿನ ಫ್ಲಾಂಜನ್ನು ಕಾಕಾ ಬೆರಳಿಂದ ಒಂಚೂರು ಆಡಿಸಿದರು. ಗೇರ್‌ಬಾಕ್ಸು ಉಸಿರು ಬಿಟ್ಟಂತೆ ಮುಂದೆ ಸರಿಯಿತು. ಎಂಟು, ಐದು, ಎರಡು. ಡಾವೆಲ್ ಮೇಲೆ ಕೂತಾಗ ಟಕ್ ಅಂತ ಒಂದೇ ಸದ್ದು. ಸುತ್ತ ಬೆರಳಾಡಿಸಿದೆ, ಎಲ್ಲೂ ಸಂದಿರಲಿಲ್ಲ.

ಬೋಲ್ಟು ಬಿಗಿದಾದ ಮೇಲೆ ಕಾಕಾ ಸೀಮೆಸುಣ್ಣ ಕೇಳಿದರು. ಮುಂದೆ ಕ್ರ್ಯಾಂಕ್ ಪುಲ್ಲಿಯ ಮೇಲೆ ಒಂದು ಗೀಟು, ಹಿಂದೆ ಗೇರ್‌ಬಾಕ್ಸಿನ ಫ್ಲಾಂಜಿನ ಮೇಲೆ ಒಂದು ಗೀಟು, ಎರಡೂ ನೇರ ಮೇಲಕ್ಕೆ. ಸ್ಪಾರ್ಕ್ ಪ್ಲಗ್ ಮೊದಲೇ ಬಿಚ್ಚಿಟ್ಟಿದ್ದೆವು. ನಾಲ್ಕನೇ ಗೇರಿಗೆ ಹಾಕಿದೆ. ನಾಲ್ಕನೆಯದು ನೇರ ಗೇರು, ಅನುಪಾತ ಒಂದಕ್ಕೆ ಒಂದು. ಕಾಕಾ ಹಿಂದೆ ಕುಕ್ಕರುಗಾಲಲ್ಲಿ ಕೂತು ಫ್ಲಾಂಜ್ ಮೇಲೆ ಕಣ್ಣಿಟ್ಟರು. ನಾನು ಪುಲ್ಲಿಗೆ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದೆ. ನನ್ನ ಗೀಟು ಕೆಳಗೆ ಹೋಗಿ, ಇನ್ನೊಂದು ಬದಿಯಿಂದ ಏರಿ, ಮೇಲೆ ಬಂದು ನಿಂತಿತು.

"ಬಂತೇನ ಕಾಕಾ?"

"ಬಂತು," ಅಂದರು. "ಇನ್ನೊಂದ್ ಸುತ್ತ ತಿರಗಸು."